ನಾವು ಹೆಸರಷ್ಟೇ ಬಲ್ಲ ಮೂವರು

ಸೀರತ್ ಸಮಾವೇಶವಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ನಮ್ಮವರ ಭಾಷಣಗಳಲ್ಲಿ ಒಂದು ಪಟ್ಟಿ ತಪ್ಪದೆ ಬರುತ್ತದೆ. ಜಗತ್ತಿಗೆ ಮುಸ್ಲಿಮರು ನೀಡಿದ ಕೊಡುಗೆಗಳ ಪಟ್ಟಿ ಅದು. ಅಲ್ ಖ್ವಾರಿಝ್ಮಿ, ಇಬ್ನು ಸೀನಾ, ಇಬ್ನುಲ್ ಹೈಸಮ್, ಇಬ್ನು ರುಶ್ದ್ ಎಂದು ಭಾಷಣಕಾರರು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ಕೇಳುವವರ ಎದೆ ಉಬ್ಬುತ್ತದೆ. ಆದರೆ ಮನೆಗೆ ಬಂದ ಮೇಲೆ ಮಗಳು, "ಉಮ್ಮಾ, ಈ ಇಬ್ನುಲ್ ಹೈಸಮ್ ಅಂದರೆ ಯಾರು? ಅವರು ಏನು ಮಾಡಿದರು?" ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರಿಸಬಲ್ಲೆವು? "ದೊಡ್ಡ ವಿಜ್ಞಾನಿ ಮಗಳೇ, ಈಗ ಹೋಗಿ ಹೋಂವರ್ಕ್ ಮಾಡು" ಎಂದು ಕಳಿಸಿಬಿಡುತ್ತೇವೆ.

ಹೆಸರಿನಿಂದ ಹೆಮ್ಮೆ ಬರುತ್ತದೆ, ಸರಿ. ಆದರೆ ಬರೀ ಹೆಸರಿನಿಂದ ಮಗುವಿಗೆ ಕಲಿಯಲು ಏನೂ ಸಿಗುವುದಿಲ್ಲ. ಆ ವ್ಯಕ್ತಿ ಯಾವ ಊರಿನವರು, ಹೊಟ್ಟೆಪಾಡಿಗೆ ಏನು ಮಾಡಿದರು, ಯಾವ ಪ್ರಶ್ನೆಯ ಬೆನ್ನು ಹತ್ತಿದರು, ಯಾರ ಕೋಪಕ್ಕೆ ಗುರಿಯಾದರು ಎಂದು ತಿಳಿದಾಗಲೇ ಅವರು ನಮ್ಮವರಾಗುವುದು. ಆದ್ದರಿಂದ ಒಬ್ಬ ವಿಜ್ಞಾನಿ, ಒಬ್ಬ ವಾಸ್ತುಶಿಲ್ಪಿ, ಒಬ್ಬ ತತ್ವಜ್ಞಾನಿ ಎಂದು ಮೂವರನ್ನು ಮಾತ್ರ ಇಲ್ಲಿ ಆರಿಸಿಕೊಂಡಿದ್ದೇನೆ. ಕಾಲಕ್ರಮದಲ್ಲಿ ತತ್ವಜ್ಞಾನಿ ನಡುವಿನವರು. ಆದರೂ ಅವರನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಏಕೆಂದರೆ ಅವರ ಒಂದು ಮಾತು ನಿಮ್ಮ ಬಗ್ಗೆಯೇ ಇದೆ, ನಿಮ್ಮ ಮನೆಯ ಹೆಣ್ಣುಮಕ್ಕಳ ಬಗ್ಗೆಯೇ ಇದೆ.

ಹಂಚಿನ ಸಂದಿಯ ಬೆಳಕು

ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದು ನೆನಪಿರಬಹುದು. ಮಧ್ಯಾಹ್ನದ ಹೊತ್ತು ಹಂಚಿನ ಸಂದಿಯಿಂದ ಬಿಸಿಲಿನ ಕೋಲೊಂದು ಇಳಿದು ನೆಲದ ಮೇಲೆ ಬೆಳಕಿನ ಬೊಟ್ಟು ಮೂಡುತ್ತದೆ. ಸಂದಿ ಹೇಗೆಂದರೆ ಹಾಗೆ ಒಡೆದಿದ್ದರೂ ಬೊಟ್ಟು ಮಾತ್ರ ದುಂಡಗೆ. ಏಕೆ? ಅದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. 2019ರ ಡಿಸೆಂಬರ್ 26ರಂದು ನಮ್ಮ ಕರಾವಳಿಯಲ್ಲಿ ಕಂಕಣ ಸೂರ್ಯಗ್ರಹಣವಾದಾಗ ಮರದ ಕೆಳಗೆ ನಿಂತು ನೆಲ ನೋಡಿದವರಿಗೆ ಇದು ಸ್ಪಷ್ಟವಾಗಿತ್ತು. ಗ್ರಹಣ ಹಿಡಿಯುತ್ತಿದ್ದಂತೆ ಎಲೆಗಳ ನಡುವಿನಿಂದ ಬಿದ್ದ ದುಂಡು ಬೊಟ್ಟುಗಳೆಲ್ಲ ಹಿಲಾಲ್‌ನಂತೆ ಬಾಗಿಕೊಂಡವು.

ಸಾವಿರ ವರ್ಷಗಳ ಹಿಂದೆ ಇದನ್ನೇ ಕಂಡು, ಗ್ರಹಣದ ಆಕಾರದ ಬಗ್ಗೆಯೇ ಒಂದು ಪ್ರತ್ಯೇಕ ಗ್ರಂಥ ಬರೆದವರು ಅಬೂ ಅಲಿ ಅಲ್ ಹಸನ್ ಇಬ್ನುಲ್ ಹೈಸಮ್. ತೂತು ತೀರಾ ಸಣ್ಣದಿದ್ದರೆ ಬಿಂಬ ಬಾಗಿ ಕಾಣುತ್ತದೆ, ತೂತು ದೊಡ್ಡದಾದರೆ ಏಕೆ ಕಾಣುವುದಿಲ್ಲ ಎಂದು ಅವರು ಗಣಿತದಿಂದ ವಿವರಿಸಿದರು. ಪ್ರವಾದಿ(ಸ)ರವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಗಿತ್ತು. ಆ ಸಾವಿಗೇ ಗ್ರಹಣ ಹಿಡಿಯಿತೆಂದು ಜನರು ಮಾತಾಡಿಕೊಂಡಾಗ ಪ್ರವಾದಿ(ಸ)ರವರು ಅದನ್ನು ತಿದ್ದಿದರು. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಹುಟ್ಟಿಗೂ ಸಾವಿಗೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲವೆಂದು ಕಲಿಸಿದರು. ಎದೆಯೊಳಗೆ ಪುತ್ರಶೋಕವಿರುವಾಗ ನೀಡಿದ ಪಾಠ ಅದು. ಇಂತಹ ಪಾಠ ಕೇಳಿದ ಸಮುದಾಯದಲ್ಲಿ ಗ್ರಹಣವನ್ನು ಹೆದರದೆ ಅಳೆದು ನೋಡುವವರು ಹುಟ್ಟಿದ್ದರಲ್ಲಿ ಆಶ್ಚರ್ಯವೇನಿದೆ?

ಇಬ್ನುಲ್ ಹೈಸಮ್ ಸುಮಾರು 965ರಲ್ಲಿ ಇರಾಕಿನ ಬಸ್ರಾದಲ್ಲಿ ಜನಿಸಿದರು. ಅವರು ಈಜಿಪ್ಟಿಗೆ ಬಂದ ಬಗ್ಗೆ ಚರಿತ್ರೆಕಾರ ಅಲ್ ಕಿಫ್ತಿ ಒಂದು ಸ್ವಾರಸ್ಯದ ಕಥೆ ಹೇಳುತ್ತಾರೆ. ನೈಲ್ ನದಿಯ ಪ್ರವಾಹವನ್ನು ನಿಯಂತ್ರಿಸುವ ಉಪಾಯ ತಮ್ಮಲ್ಲಿದೆಯೆಂದು ಅವರು ಎಲ್ಲೋ ಹೇಳಿದ್ದರಂತೆ. ಅದು ಫಾತಿಮಿ ದೊರೆ ಅಲ್ ಹಾಕಿಮ್‌ನ ಕಿವಿಗೆ ಬಿತ್ತು. ದೊರೆ ಕರೆಸಿಕೊಂಡ. ಅಸ್ವಾನಿನವರೆಗೆ ಹೋದ ಇಬ್ನುಲ್ ಹೈಸಮ್ ದಾರಿಯುದ್ದಕ್ಕೂ ಪ್ರಾಚೀನರ ಬೃಹತ್ ಕಟ್ಟಡಗಳನ್ನು ನೋಡಿ ಯೋಚನೆಗೆ ಬಿದ್ದರು. ಇಷ್ಟು ಬಲ್ಲವರು ನದಿಯನ್ನು ಮಾತ್ರ ಬಿಟ್ಟಿದ್ದಾರೆಂದರೆ ಅದು ಆಗದ ಕೆಲಸವೇ ಇರಬೇಕು. ಹಿಂದಿರುಗಿ ಆಗುವುದಿಲ್ಲವೆಂದು ಒಪ್ಪಿಕೊಂಡರು. ಆದರೆ ಅಲ್ ಹಾಕಿಮ್‌ನ ಕೋಪ ಎಂಥದ್ದೆಂದು ಎಲ್ಲರಿಗೂ ಗೊತ್ತಿತ್ತು. ಪ್ರಾಣ ಉಳಿಸಿಕೊಳ್ಳಲು ಅವರು ಹುಚ್ಚು ಹಿಡಿದವರಂತೆ ನಟಿಸಿದರು, 1021ರಲ್ಲಿ ದೊರೆ ಇಲ್ಲವಾಗುವವರೆಗೂ ಗೃಹಬಂಧನದಲ್ಲಿ ಉಳಿದರು ಎಂಬುದು ಕಥೆ. ಇದರ ವಿವರಗಳನ್ನೆಲ್ಲ ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ. ಅಸ್ವಾನಿನ ದೊಡ್ಡ ಅಣೆಕಟ್ಟು ಕಟ್ಟಿ ಮುಗಿದದ್ದು 1970ರಲ್ಲಿ, ಯಂತ್ರಗಳ ಯುಗದಲ್ಲಿ, ಎಂಬುದು ಮಾತ್ರ ನಿಜ.

ಕೈರೋದಲ್ಲಿ ಅವರ ಜೀವನೋಪಾಯ ಏನಾಗಿತ್ತು ಗೊತ್ತೇ? ನಕಲು ಬರೆಯುವುದು! ಅಲ್ ಅಝ್ಹರ್ ಮಸೀದಿಯ ಬಳಿ ವಾಸವಿದ್ದು, ಯೂಕ್ಲಿಡ್‌ನ ರೇಖಾಗಣಿತ, ಟಾಲೆಮಿಯ ಖಗೋಳಶಾಸ್ತ್ರ ಮುಂತಾದ ಗ್ರಂಥಗಳನ್ನು ಕೈಯಾರೆ ಪ್ರತಿ ಮಾಡಿ ಮಾರುತ್ತಿದ್ದರು. ವರ್ಷಕ್ಕೆ 150 ದೀನಾರ್ ಸಿಗುತ್ತಿತ್ತು, ಅದರಲ್ಲೇ ಇಡೀ ವರ್ಷ ಕಳೆಯುತ್ತಿದ್ದರು ಎಂದು ಅಲ್ ಕಿಫ್ತಿ ಬರೆದಿದ್ದಾರೆ. ದೊಡ್ಡ ಕೆಲಸಕ್ಕೆ ದೊಡ್ಡ ಸೌಕರ್ಯ ಬೇಕೆಂದು ಕಾಯುತ್ತ ಕೂರುವವರು ಇದನ್ನು ಗಮನಿಸಬೇಕು.

ಅವರ ಮಹಾಗ್ರಂಥ 'ಕಿತಾಬುಲ್ ಮನಾಝಿರ್'. ನೋಟದ ಬಗ್ಗೆ ಏಳು ಸಂಪುಟಗಳು. ನಾವು ಹೇಗೆ ನೋಡುತ್ತೇವೆ? ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂದು ಯೂಕ್ಲಿಡ್ ಮತ್ತು ಟಾಲೆಮಿ ನಂಬಿದ್ದರು. ಇಬ್ನುಲ್ ಹೈಸಮ್ ಸರಳವಾದ ಸಂಗತಿಗಳನ್ನು ಮುಂದಿಟ್ಟರು. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ. ಪ್ರಖರ ಬೆಳಕು ನೋಡಿ ಕಣ್ಣು ಮುಚ್ಚಿದರೂ ಅದರ ಗುರುತು ಸ್ವಲ್ಪ ಹೊತ್ತು ಉಳಿಯುತ್ತದೆ. ಅಂದರೆ ಏನೋ ಹೊರಗಿನಿಂದ ಕಣ್ಣಿಗೆ ಬರುತ್ತಿದೆ, ಕಣ್ಣಿನಿಂದ ಹೋಗುತ್ತಿಲ್ಲ. ವಸ್ತುವಿನ ಪ್ರತಿ ಬಿಂದುವಿನಿಂದಲೂ ಬೆಳಕು ನೇರ ರೇಖೆಯಲ್ಲಿ ಎಲ್ಲ ಕಡೆಗೂ ಹೊರಡುತ್ತದೆ, ಕಣ್ಣಿಗೆ ಬಿದ್ದದ್ದು ಕಾಣುತ್ತದೆ.

ಬೆಳಕುಗಳು ಒಂದರೊಡನೊಂದು ಕಲಸಿಹೋಗುವುದಿಲ್ಲವೇ ಎಂಬ ಪ್ರಶ್ನೆಗೆ ಅವರು ಕತ್ತಲ ಕೋಣೆಯಲ್ಲಿ ಪ್ರಯೋಗ ಮಾಡಿದರು. ಅದನ್ನು ನೀವೂ ಮಕ್ಕಳೊಂದಿಗೆ ಮಾಡಬಹುದು. ಕರೆಂಟು ಹೋದ ರಾತ್ರಿ ಎರಡು ಮೇಣದ ಬತ್ತಿಗಳನ್ನು ಪಕ್ಕಪಕ್ಕದಲ್ಲಿ ಹಚ್ಚಿಡಿ. ರಟ್ಟಿನಲ್ಲಿ ಸೂಜಿಗಿಂತ ತುಸು ದಪ್ಪನೆಯ ಒಂದು ತೂತು ಮಾಡಿ ಬತ್ತಿಗಳ ಮುಂದೆ ಹಿಡಿಯಿರಿ. ಅದರ ಹಿಂದೆ ಬಿಳಿ ಹಾಳೆ ಹಿಡಿದರೆ ಹಾಳೆಯ ಮೇಲೆ ಎರಡು ಜ್ವಾಲೆಗಳು, ಅದೂ ತಲೆಕೆಳಗಾಗಿ ಕಾಣುತ್ತವೆ. ಎಡಗಡೆಯ ಬತ್ತಿಗೆ ಕೈ ಅಡ್ಡ ಹಿಡಿದರೆ ಬಲಗಡೆಯ ಚಿತ್ರವಷ್ಟೇ ಮಾಯವಾಗುತ್ತದೆ. ಎರಡೂ ಬೆಳಕುಗಳು ಒಂದೇ ಸಣ್ಣ ತೂತಿನಲ್ಲಿ ಹಾದುಹೋದರೂ ಒಂದಕ್ಕೊಂದು ಅಡ್ಡಿ ಮಾಡಲಿಲ್ಲ. ಇಬ್ನುಲ್ ಹೈಸಮ್ ಮಾಡಿದ್ದೂ ಇದನ್ನೇ, ಕೆಲವು ದೀಪಗಳನ್ನು ಇಟ್ಟು.

ಇಲ್ಲಿ ಒಂದು ಮಾತು. 'ಕ್ಯಾಮೆರಾ' ಎಂಬ ಪದವೇ ಅರಬಿಯಿಂದ ಬಂದದ್ದು, ಇಬ್ನುಲ್ ಹೈಸಮ್‌ರ ಕೋಣೆಯಿಂದ ಬಂದದ್ದು ಎಂದು ನಮ್ಮ ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ನಿಜವಲ್ಲ. ಅದು ಲ್ಯಾಟಿನ್ ಪದ, ಅರ್ಥ ಕೋಣೆ. ಉರ್ದುವಿನ 'ಕಮ್ರಾ' ಕೂಡ ಅದೇ ಮೂಲದಿಂದ ಪೋರ್ಚುಗೀಸರ ಮೂಲಕ ಬಂತು. ತೂತಿನಿಂದ ಬಿಂಬ ಮೂಡುವುದನ್ನು ಚೀನಾದವರೂ ಗ್ರೀಕರೂ ಅವರಿಗಿಂತ ಮೊದಲೇ ಕಂಡಿದ್ದರು. ಅವರ ನಿಜವಾದ ಸಾಧನೆಯೇ ಅಷ್ಟು ದೊಡ್ಡದಿರುವಾಗ ಸುಳ್ಳಿನ ಒಡವೆ ತೊಡಿಸುವುದು ಅವರಿಗೆ ಮಾಡುವ ಅವಮಾನ. ಕಣ್ಣಿನೊಳಗೆ ಬಿಂಬ ಎಲ್ಲಿ ಮೂಡುತ್ತದೆ ಎಂಬುದು ಅವರಿಗೂ ಸರಿಯಾಗಿ ತಿಳಿಯಲಿಲ್ಲ. ಅದನ್ನು ಹೇಳಿದವರು ಜರ್ಮನಿಯ ಕೆಪ್ಲರ್, 1604ರಲ್ಲಿ. ಅವರಾದರೂ ಲ್ಯಾಟಿನ್‌ಗೆ ಅನುವಾದವಾಗಿದ್ದ ಇಬ್ನುಲ್ ಹೈಸಮ್‌ರ ಸಿದ್ಧಾಂತದ ಮೇಲೆ ನಿಂತೇ ಮುಂದೆ ಹೋದವರು.

ತಾವು ನಕಲು ಬರೆದು ಅನ್ನ ಸಂಪಾದಿಸುತ್ತಿದ್ದ ಅದೇ ಟಾಲೆಮಿಯ ತಪ್ಪುಗಳನ್ನು ತೋರಿಸಿ ಅವರು 'ಸಂಶಯಗಳು' ಎಂಬ ಹೆಸರಿನ ಗ್ರಂಥ ಬರೆದರು. ಸತ್ಯವನ್ನು ಹುಡುಕುವವನು ದೊಡ್ಡವರ ಪುಸ್ತಕವೆಂದು ಕಣ್ಣು ಮುಚ್ಚಿ ನಂಬಬಾರದು, ಪ್ರತಿವಾದಿಯಂತೆ ಎಲ್ಲ ಕಡೆಯಿಂದಲೂ ಪ್ರಶ್ನಿಸಬೇಕು, ಹಾಗೆ ಪ್ರಶ್ನಿಸುವಾಗ ತನ್ನನ್ನೂ ಅನುಮಾನಿಸಬೇಕು ಎಂಬುದು ಅದರ ಆರಂಭದಲ್ಲಿರುವ ಅಭಿಪ್ರಾಯ. ಹದೀಸ್ ವಿದ್ವಾಂಸರು ವರದಿಗಾರರನ್ನು ಒರೆಗೆ ಹಚ್ಚುತ್ತಿದ್ದ ಕ್ರಮವನ್ನು ಮದ್ರಸದಲ್ಲಿ ಕಲಿತವರಿಗೆ ಈ ಧ್ವನಿ ಅಪರಿಚಿತವೆನಿಸದು. ಸುಮಾರು 1040ರಲ್ಲಿ ಅವರು ಕೈರೋದಲ್ಲಿ ನಿಧನರಾದರು.

ಐವತ್ತರಲ್ಲಿ ದೊರೆತ ಹುದ್ದೆ

ಇನ್ನು ವಾಸ್ತುಶಿಲ್ಪಿ. ಇಸ್ತಾಂಬುಲಿನ ಚಿತ್ರ ಎಲ್ಲೇ ನೋಡಿದರೂ ಗುಡ್ಡದ ಮೇಲೆ ಗುಮ್ಮಟಗಳ ರಾಶಿ, ಸೂಜಿಯಂತಹ ಮಿನಾರಗಳು ಕಾಣುತ್ತವಲ್ಲವೇ? ಆ ನೋಟದ ದೊಡ್ಡ ಪಾಲು ಒಬ್ಬ ವ್ಯಕ್ತಿಯ ಕೈಕೆಲಸ. ಅವರು ಮಿಮಾರ್ ಸಿನಾನ್. 'ಮಿಮಾರ್' ಎಂದರೆ ಕಟ್ಟಡ ಕಟ್ಟುವವರು.

ಸಿನಾನ್ ಹುಟ್ಟಿದ್ದು 1490ರ ಆಸುಪಾಸಿನಲ್ಲಿ, ಅನಾತೋಲಿಯಾದ ಕೈಸೇರಿ ಬಳಿಯ ಆಯಿರ್ನಾಸ್ ಎಂಬ ಹಳ್ಳಿಯ ಕ್ರೈಸ್ತ ಕುಟುಂಬದಲ್ಲಿ. ಕ್ರೈಸ್ತ ಮನೆಗಳಿಂದ ಹುಡುಗರನ್ನು ಸುಲ್ತಾನನ ಸೇವೆಗೆ ಒಯ್ಯುವ ಪದ್ಧತಿ ಆಗ ಉಸ್ಮಾನಿ ರಾಜ್ಯದಲ್ಲಿತ್ತು. ಧರ್ಮದ ವಿಷಯದಲ್ಲಿ ಬಲವಂತ ಸಲ್ಲದೆಂದು ಕುರ್‌ಆನ್ ಕಲಿಸಿರುವಾಗ ಈ ಪದ್ಧತಿಯನ್ನು ಸಮರ್ಥಿಸುವ ಅಗತ್ಯ ನಮಗಿಲ್ಲ. ಮಗನನ್ನು ಕಳಿಸಿಕೊಟ್ಟ ಆ ತಾಯಿಯ ಸ್ಥಿತಿಯನ್ನು ಚರಿತ್ರೆ ಬರೆದಿಟ್ಟಿಲ್ಲ. ಹಾಗೆ ಬಂದ ಸಿನಾನ್ ಮುಸ್ಲಿಮರಾದರು, ಬಡಗಿ ಕೆಲಸ ಕಲಿತರು, ಸೈನಿಕರಾದರು. ಬೆಲ್‌ಗ್ರೇಡ್, ರೋಡ್ಸ್, ಮೊಹಾಚ್, ಬಗ್ದಾದ್ ಎಂದು ಸೇನೆಯೊಂದಿಗೆ ಅಲೆದರು. ವಾನ್ ಸರೋವರ ದಾಟಲು ದೋಣಿ ಕಟ್ಟಿದರು, 1538ರಲ್ಲಿ ಪ್ರುತ್ ನದಿಗೆ ಕೆಲವೇ ದಿನಗಳಲ್ಲಿ ಸೇತುವೆ ಕಟ್ಟಿದರು. ಹೋದಲ್ಲೆಲ್ಲ ಕಟ್ಟಡಗಳನ್ನು ನೋಡಿ ನೋಡಿ ಕಲಿತರು. ಅವರು ಸುಲ್ತಾನ್ ಸುಲೈಮಾನ್‌ರ ಪ್ರಧಾನ ವಾಸ್ತುಶಿಲ್ಪಿಯಾದಾಗ ವಯಸ್ಸು ಐವತ್ತರ ಹತ್ತಿರ. ನಲವತ್ತಾಯಿತು, ಇನ್ನೇನು ಕಲಿಯುವುದು ಎನ್ನುವ ನಮ್ಮವರಿಗೆ ಈ ಒಂದು ಅಂಕಿ ಸಾಕು. 1588ರಲ್ಲಿ ತೀರಿಕೊಳ್ಳುವವರೆಗೂ, ಮೂವರು ಸುಲ್ತಾನರ ಕಾಲದಲ್ಲಿ ಅವರು ಅದೇ ಹುದ್ದೆಯಲ್ಲಿದ್ದರು. ಮಸೀದಿ, ಮದ್ರಸ, ಸ್ನಾನಗೃಹ, ಸೇತುವೆ, ಆಸ್ಪತ್ರೆ, ಅನ್ನಛತ್ರ ಎಂದು ಮುನ್ನೂರಕ್ಕೂ ಹೆಚ್ಚು ಕಟ್ಟಡಗಳು ಅವರ ಲೆಕ್ಕದಲ್ಲಿವೆ.

ತಮ್ಮ ಮೂರು ದೊಡ್ಡ ಮಸೀದಿಗಳನ್ನು ಅವರೇ ಶ್ರೇಣಿ ಮಾಡಿದ್ದರೆನ್ನುತ್ತಾರೆ. 1548ರಲ್ಲಿ ಮುಗಿದ ಶಹಝಾದೆ ಮಸೀದಿ ಶಿಷ್ಯನ ಕೆಲಸ, 1557ರ ಸುಲೈಮಾನಿಯಾ ನುರಿತ ಕೆಲಸಗಾರನದು, ಎದಿರ್ನೆ ನಗರದ ಸಲೀಮಿಯಾ ಗುರುವಿನದು. ಸಲೀಮಿಯಾ ಕಟ್ಟುವಾಗ ಅವರಿಗೆ ಎಂಬತ್ತು ವರ್ಷ! ಎಂಟು ಕಂಬಗಳ ಮೇಲೆ ನಿಂತ, 31 ಮೀಟರಿಗೂ ಅಗಲವಾದ ಅದರ ಗುಮ್ಮಟದ ಕೆಳಗೆ ನಿಂತವನಿಗೆ ಕಂಬಗಳು ಇವೆಯೆಂಬುದೇ ಮರೆತುಹೋಗುವಂತಿದೆ. 2011ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. (ಅಗಲದ ಮಾತು ಬಂದದ್ದರಿಂದ ಹೇಳುತ್ತೇನೆ: 1656ರಲ್ಲಿ ಮುಗಿದ ನಮ್ಮ ವಿಜಯಪುರದ ಗೋಳಗುಮ್ಮಟ ಅದಕ್ಕಿಂತಲೂ ಅಗಲ, ಒಳಗಿನಿಂದ ಸುಮಾರು 38 ಮೀಟರ್, ನಡುವೆ ಒಂದು ಕಂಬವೂ ಇಲ್ಲ. ಪಿಸುಮಾತಿನ ಪ್ರತಿಧ್ವನಿಗೆ ಕಿರುಚಿ ಬರುವ ನಾವು ಅದನ್ನು ಕಟ್ಟಿದ ದಾಬೂಲಿನ ಯಾಕೂತ್‌ರ ಹೆಸರನ್ನಾದರೂ ಮಕ್ಕಳಿಗೆ ಹೇಳಿಕೊಡಬೇಡವೇ?)

ಸುಲೈಮಾನಿಯಾದ ಒಂದು ಸಣ್ಣ ಸಂಗತಿ ನನಗೆ ತುಂಬಾ ಇಷ್ಟ. ರಾತ್ರಿ ನಮಾಝಿಗೆ ನೂರಾರು ಎಣ್ಣೆ ದೀಪಗಳು ಉರಿಯುತ್ತಿದ್ದವು. ಮಸಿ ಗೋಡೆಗೆ ಹಿಡಿಯದಂತೆ ಗಾಳಿಯ ಹರಿವು ಹೊಗೆಯನ್ನು ಬಾಗಿಲ ಮೇಲಿನ ಒಂದು ಕೋಣೆಗೆ ಎಳೆದೊಯ್ಯುವಂತೆ ಸಿನಾನ್ ರಚಿಸಿದ್ದರು. ಅಲ್ಲಿ ಶೇಖರವಾದ ಮಸಿಯನ್ನು ಬರೆಯುವ ಶಾಯಿಗೆ ಬಳಸುತ್ತಿದ್ದರಂತೆ. ಒಲೆಯ ಮಸಿಯೊಂದಿಗೆ ಹೋರಾಡಿ ಬಲ್ಲ ಗೃಹಿಣಿಗೆ ಇದರ ಬೆಲೆ ಬೇರೆಯವರಿಗಿಂತ ಬೇಗ ತಿಳಿಯುತ್ತದೆ.

ಇನ್ನೊಂದು ಸಂಗತಿಯನ್ನು ನೀವು ವಿಶೇಷವಾಗಿ ಗಮನಿಸಬೇಕು. ಪ್ರಧಾನ ವಾಸ್ತುಶಿಲ್ಪಿಯಾಗಿ ಸಿನಾನ್ ಕೈಗೆತ್ತಿಕೊಂಡ ಮೊದಮೊದಲ ಕೆಲಸವನ್ನು ಕೊಟ್ಟವರು ಒಬ್ಬ ಮಹಿಳೆ, ಸುಲೈಮಾನ್‌ರ ಪತ್ನಿ ಹುರ್ರಮ್. ಟರ್ಕಿಯ ಧಾರಾವಾಹಿಗಳನ್ನು ನೋಡಿದವರಿಗೆ ಹುರ್ರಮ್ ಎಂದರೆ ಅಂತಃಪುರದ ಒಳಸಂಚು ಮಾತ್ರ ನೆನಪಾಗಬಹುದು. ಗುಲಾಮಳಾಗಿ ಇಸ್ತಾಂಬುಲಿಗೆ ಬಂದ ಆಕೆ ಮಸೀದಿ, ಮದ್ರಸ, ಮಕ್ಕಳ ಶಾಲೆ, ಅನ್ನಛತ್ರ, ಆಸ್ಪತ್ರೆಗಳ ಒಂದು ಸಮುಚ್ಚಯವನ್ನೇ ವಕ್ಫ್ ಮಾಡಿದರೆಂಬುದನ್ನು ಧಾರಾವಾಹಿ ತೋರಿಸಲು ಅವಸರಪಡುವುದಿಲ್ಲ. ಮಗಳು ಮಿಹ್ರಿಮಾ ಎರಡು ಮಸೀದಿಗಳನ್ನು ಕಟ್ಟಿಸಿದರು. ಎದಿರ್ನೆ ಬಾಗಿಲಿನ ಬಳಿಯ ಅವರ ಮಸೀದಿಯ ಗೋಡೆಗಳಲ್ಲಿ ಎಷ್ಟು ಕಿಟಕಿಗಳೆಂದರೆ ಒಳಗೆಲ್ಲ ಬೆಳಕೇ ಬೆಳಕು. ಸೊಸೆ ನೂರ್‌ಬಾನು ಉಸ್ಕುದಾರಿನಲ್ಲಿ ಕಟ್ಟಿಸಿದ್ದು ಸಿನಾನ್‌ರ ಕೊನೆಯ ದೊಡ್ಡ ಕೆಲಸಗಳಲ್ಲೊಂದು. ಹಣ, ಉದ್ದೇಶ, ವಕ್ಫ್ ಪತ್ರ ಎಲ್ಲವೂ ಮಹಿಳೆಯರದು. ಮಸೀದಿಯ ವಿಷಯ ಗಂಡಸರದ್ದೆಂದು ನಾವು ಅಂದುಕೊಂಡಿರುವುದು ಎಂದಿನಿಂದಲೋ!

ಸಿನಾನ್‌ರ ಸಮಾಧಿ ಸುಲೈಮಾನಿಯಾದ ಹೊರಗೆ, ಎರಡು ಬೀದಿ ಸೇರುವ ಮೂಲೆಯಲ್ಲಿದೆ. ತೀರಾ ಸಣ್ಣದು.

ಎರಡು ರಾತ್ರಿಗಳ ಹೊರತು

ಈಗ ಮೂರನೆಯವರು. ಸ್ಪೇನಿನ ಕುರ್ತುಬಾ ನಗರ, 1126. ಅಲ್ಲಿ ಖಾಝಿಗಳ ಮನೆತನದಲ್ಲಿ ಅಬುಲ್ ವಲೀದ್ ಮುಹಮ್ಮದ್ ಇಬ್ನು ರುಶ್ದ್ ಜನಿಸಿದರು. ಅದೇ ವರ್ಷ ತೀರಿಕೊಂಡ ಅಜ್ಜನ ಹೆಸರೂ ಅದೇ, ಅವರೂ ಕುರ್ತುಬಾದ ಖಾಝಿ. ಹಾಗಾಗಿ ವಿದ್ವಾಂಸರು ಇವರನ್ನು 'ಮೊಮ್ಮಗ' ಎಂದು ಗುರುತಿಸುವುದುಂಟು. ಇಮಾಮ್ ಮಾಲಿಕ್(ರ)ರ 'ಮುವತ್ತಾ' ಅವರಿಗೆ ಕಂಠಪಾಠವಾಗಿತ್ತು. ಫಿಕ್ಹ್, ವೈದ್ಯಕೀಯ, ತತ್ವಶಾಸ್ತ್ರ ಮೂರರಲ್ಲೂ ನಿಪುಣರಾದರು. ಪ್ರಬುದ್ಧರಾದ ಮೇಲೆ ಜೀವನದಲ್ಲಿ ಎರಡೇ ರಾತ್ರಿ ಅವರು ಓದದೆ ಕಳೆದರು ಎಂದು ಇಬ್ನುಲ್ ಅಬ್ಬಾರ್ ಬರೆಯುತ್ತಾರೆ. ಒಂದು ಮದುವೆಯ ರಾತ್ರಿ, ಇನ್ನೊಂದು ತಂದೆ ತೀರಿಕೊಂಡ ರಾತ್ರಿ.

ಇಬ್ನು ತುಫೈಲ್ ಎಂಬ ಹಿರಿಯ ತತ್ವಜ್ಞಾನಿ ಅವರನ್ನು ದೊರೆ ಅಬೂ ಯಾಕೂಬ್ ಯೂಸುಫ್‌ನ ಬಳಿಗೆ ಕರೆದೊಯ್ದರು. ಆಕಾಶದ ಬಗ್ಗೆ ತತ್ವಜ್ಞಾನಿಗಳು ಏನು ಹೇಳುತ್ತಾರೆ, ಅದು ಅನಾದಿಯೋ ಸೃಷ್ಟಿಯಾದದ್ದೋ ಎಂದು ದೊರೆ ನೇರವಾಗಿ ಕೇಳಿಬಿಟ್ಟ. ಹೆದರಿದ ಇಬ್ನು ರುಶ್ದ್, ತನಗೆ ಆ ವಿದ್ಯೆಯೇ ಗೊತ್ತಿಲ್ಲವೆಂದರು. ಆಗ ದೊರೆಯೇ ಇಬ್ನು ತುಫೈಲ್‌ರೊಂದಿಗೆ ಆ ವಿಷಯವನ್ನು ಚರ್ಚಿಸತೊಡಗಿದ. ಅದನ್ನು ಕೇಳಿ ಇವರಿಗೆ ಧೈರ್ಯ ಬಂತು, ಬಾಯಿ ಬಿಟ್ಟರು. ಅಲ್ಲಿಂದ ಅರಿಸ್ಟಾಟಲ್‌ನ ಕೃತಿಗಳಿಗೆ ವ್ಯಾಖ್ಯಾನ ಬರೆಯುವ ದೀರ್ಘ ಕೆಲಸ ಆರಂಭವಾಯಿತು. ಮುಂದೆ ಲ್ಯಾಟಿನ್‌ಗೆ ಹೋದ ಆ ವ್ಯಾಖ್ಯಾನಗಳಿಂದಾಗಿ ಯೂರೋಪಿನ ವಿದ್ಯಾರ್ಥಿಗಳು ಅವರನ್ನು 'ವ್ಯಾಖ್ಯಾನಕಾರ' ಎಂದೇ ಕರೆದರು. ಹಗಲು ನ್ಯಾಯಪೀಠ. 1169ರಲ್ಲಿ ಇಶ್ಬೀಲಿಯಾದ, 1171ರಲ್ಲಿ ಕುರ್ತುಬಾದ ಖಾಝಿ. ರಾತ್ರಿ ಬರವಣಿಗೆ.

ಇಮಾಮ್ ಗಝಾಲಿ(ರ)ರು ತತ್ವಜ್ಞಾನಿಗಳನ್ನು ಖಂಡಿಸಿ ಬರೆದ ಗ್ರಂಥಕ್ಕೆ ಇಬ್ನು ರುಶ್ದ್ ಖಂಡನೆ ಬರೆದರು. ಆ ವಾದದಲ್ಲಿ ಯಾರು ಸರಿ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ, ನಮ್ಮ ಉಸ್ತಾದರಲ್ಲಿ ಹೆಚ್ಚಿನವರು ಗಝಾಲಿ(ರ)ರ ಪರ. ಅದು ಇರಲಿ. ಆದರೆ ಅದೇ ಇಬ್ನು ರುಶ್ದ್‌ರ 'ಬಿದಾಯತುಲ್ ಮುಜ್ತಹಿದ್' ಇಂದಿಗೂ ಫಿಕ್ಹ್ ಕಲಿಯುವವರ ಕೈಯಲ್ಲಿದೆ. ಯಾವ ಇಮಾಮರು ಏನು ಹೇಳಿದರು ಎನ್ನುವುದಷ್ಟೇ ಅಲ್ಲ, ಏಕೆ ಭಿನ್ನವಾಗಿ ಹೇಳಿದರು ಎನ್ನುವುದನ್ನು ಕಲಿಸುವ ಗ್ರಂಥ ಅದು. ಮಹಿಳೆ ನ್ಯಾಯಾಧೀಶೆಯಾಗಬಹುದೇ ಎಂಬ ಪ್ರಶ್ನೆ ಬಂದಾಗ, ಬಹುತೇಕರು ಬೇಡವೆಂದರು, ಹಣಕಾಸಿನ ವ್ಯಾಜ್ಯಗಳಲ್ಲಿ ಆಗಬಹುದೆಂದು ಅಬೂ ಹನೀಫ(ರ) ಹೇಳಿದರು, ಎಲ್ಲ ವಿಷಯಗಳಲ್ಲೂ ಆಗಬಹುದೆಂದು ತಬರಿ(ರ) ಹೇಳಿದರು ಎಂದು ಮೂರೂ ಅಭಿಪ್ರಾಯಗಳನ್ನು ಕಾರಣ ಸಹಿತ ಮುಂದಿಡುತ್ತಾರೆ. ಈ ಪ್ರಶ್ನೆಯನ್ನು ನಿನ್ನೆ ಮೊನ್ನೆ ಯಾರೋ ಹುಟ್ಟಿಸಿದ್ದೆಂದು ತಿಳಿದವರು ಆ ಅಧ್ಯಾಯ ಓದಬೇಕು.

ಈಗ ಆ ಮಾತು. ಪ್ಲೇಟೋನ 'ರಿಪಬ್ಲಿಕ್' ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ ಇಬ್ನು ರುಶ್ದ್ ಹೆಣ್ಣಿನ ಸಾಮರ್ಥ್ಯದ ಪ್ರಶ್ನೆಗೆ ಬರುತ್ತಾರೆ. ಗಂಡು ಹೆಣ್ಣು ಒಂದೇ ಜಾತಿಯ ಜೀವಿಗಳು, ವ್ಯತ್ಯಾಸವಿದ್ದರೆ ಅದು ಪ್ರಮಾಣದಲ್ಲಿ ಮಾತ್ರ, ಕೆಲವು ಕೆಲಸಗಳಲ್ಲಿ ಹೆಂಗಸರೇ ಮುಂದು, ಅವರಲ್ಲಿ ತತ್ವಜ್ಞಾನಿಗಳೂ ಆಳುವವರೂ ಇರಬಹುದು ಎನ್ನುತ್ತಾರೆ. ಇಲ್ಲಿಯವರೆಗೆ ಪ್ಲೇಟೋನ ಮಾತೇ ಎನ್ನೋಣ. ಆದರೆ ಅಲ್ಲಿಗೆ ನಿಲ್ಲದೆ ಅವರು ತಮ್ಮ ಕಾಲದ ಊರುಗಳತ್ತ ತಿರುಗುತ್ತಾರೆ. ಈ ನಗರಗಳಲ್ಲಿ ಹೆಂಗಸರ ಸಾಮರ್ಥ್ಯ ಏನೆಂದು ಯಾರಿಗೂ ತಿಳಿದಿಲ್ಲ, ಏಕೆಂದರೆ ಅವರನ್ನು ಹೆರುವುದಕ್ಕೆ, ಹಾಲೂಡಿಸುವುದಕ್ಕೆ, ಗಂಡನ ಸೇವೆಗೆ ಮಾತ್ರ ಇಟ್ಟುಕೊಳ್ಳಲಾಗಿದೆ. ಬೇರಾವುದಕ್ಕೂ ಸಿದ್ಧಗೊಳಿಸದ ಕಾರಣ ಅವರ ಬದುಕು ಗಿಡಗಳ ಬದುಕಿನಂತಾಗಿದೆ. ಅವರು ಗಂಡಸರಿಗೆ ಹೊರೆಯಾಗಿ ಉಳಿದಿರುವುದು ಈ ನಗರಗಳ ಬಡತನಕ್ಕೆ ಒಂದು ಕಾರಣ. ಇದು ಅವರ ವಾದದ ಸಾರ.

ಗಮನಿಸಿ. ಹೆಣ್ಣಿಗೆ ಸಾಮರ್ಥ್ಯವಿಲ್ಲವೆಂದು ಅವರು ಹೇಳುತ್ತಿಲ್ಲ, ಇದೆಯೋ ಇಲ್ಲವೋ ಎಂದು ನೋಡಲೇ ಇಲ್ಲವಲ್ಲ ಎನ್ನುತ್ತಿದ್ದಾರೆ. ದೂರು ಹೆಣ್ಣಿನ ಮೇಲಲ್ಲ, ಊರಿನ ಮೇಲೆ. ಹಾಲೂಡಿಸುವುದು, ಮಕ್ಕಳನ್ನು ಬೆಳೆಸುವುದು ಸಣ್ಣ ಕೆಲಸವೆಂದು ನಾನಂತೂ ಒಪ್ಪಲಾರೆ. ತಾಯಿಯ ಪಾದದಡಿಯ ಸ್ವರ್ಗದ ಬಗ್ಗೆ ಕೇಳಿ ಬೆಳೆದವರು ನಾವು. ಆದರೆ ಹತ್ತನೇ ತರಗತಿಯಲ್ಲಿ ಗಣಿತಕ್ಕೆ ನೂರರ ಹತ್ತಿರ ಅಂಕ ತಂದ ಹುಡುಗಿಗೆ "ಇನ್ನು ಸಾಕು, ಕಾಲೇಜು ದೂರ" ಎಂದು ಹೇಳಿ, ಅದೇ ಮನೆಯ ಎರಡು ಸಲ ನಪಾಸಾದ ಹುಡುಗನಿಗೆ ಟ್ಯೂಷನ್ ಹುಡುಕುವಾಗ ಈ ಎಂಟು ನೂರು ವರ್ಷ ಹಳೆಯ ಖಾಝಿಯ ಮಾತು ನಮ್ಮನ್ನೇ ನೋಡಿ ಹೇಳಿದಂತೆ ಕೇಳಿಸುತ್ತದೆ. ತರಗತಿಯಲ್ಲಿ ಖಾಲಿಯಾದ ಅಂತಹ ಜಾಗಗಳನ್ನು ಶಿಕ್ಷಕರು ಪ್ರತಿ ಜೂನ್ ತಿಂಗಳಲ್ಲಿ ನೋಡುತ್ತಾರೆ. ಆ ಹುಡುಗಿ ಹಂಚಿನ ಸಂದಿಯ ಬೆಳಕಿನ ಬಗ್ಗೆ ಏನು ಕೇಳುತ್ತಿದ್ದಳೋ, ಎಂಥ ಗುಮ್ಮಟದ ನಕ್ಷೆ ಬರೆಯುತ್ತಿದ್ದಳೋ, ಯಾರಿಗೆ ಗೊತ್ತು? ನಾವು ನೋಡಲೇ ಇಲ್ಲವಲ್ಲ.

ಆ ವ್ಯಾಖ್ಯಾನದ ಅರಬಿ ಮೂಲ ಇಂದು ಲಭ್ಯವಿಲ್ಲ. ಯಹೂದಿ ವಿದ್ವಾಂಸರೊಬ್ಬರು ಹೀಬ್ರೂ ಭಾಷೆಗೆ ಮಾಡಿದ ಅನುವಾದದಿಂದ ನಮಗೆ ಅದು ಸಿಕ್ಕಿತು. ನಮ್ಮ ಖಾಝಿ ನಮ್ಮ ಹೆಣ್ಣುಮಕ್ಕಳ ಬಗ್ಗೆ ಹೇಳಿದ್ದನ್ನು ಬೇರೆಯವರು ಕಾಪಾಡಿಕೊಟ್ಟರು.

ಕೊನೆಗಾಲದಲ್ಲಿ ಅವರಿಗೆ ಕಷ್ಟ ಬಂತು. 1195ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಅವರ ಮೇಲೆ ಆರೋಪ ಹೊರಿಸಿ ಲುಸೇನಾ ಎಂಬ ಸಣ್ಣ ಊರಿಗೆ ಗಡಿಪಾರು ಮಾಡಲಾಯಿತು. ತತ್ವಶಾಸ್ತ್ರದ ಪುಸ್ತಕಗಳನ್ನು ಸುಡಲು ಆಜ್ಞೆಯಾಯಿತು. ಕೆಲವು ಕಾಲದ ನಂತರ ದೊರೆಯ ಮನಸ್ಸು ಬದಲಾಗಿ ಅವರನ್ನು ಮರ್ರಾಕಿಶ್‌ಗೆ ಕರೆಸಿಕೊಂಡ. ಆದರೆ ಹೆಚ್ಚು ದಿನ ಉಳಿಯಲಿಲ್ಲ. 1198ರ ಡಿಸೆಂಬರಿನಲ್ಲಿ ಅಲ್ಲೇ ನಿಧನರಾದರು.

ಮೂರು ತಿಂಗಳ ಬಳಿಕ ಪಾರ್ಥಿವ ಶರೀರವನ್ನು ಹುಟ್ಟೂರು ಕುರ್ತುಬಾಗೆ ಒಯ್ದರು. ಆ ದೃಶ್ಯವನ್ನು ಕಂಡವರಲ್ಲಿ ಮುಂದೆ ಸೂಫಿಗಳಲ್ಲಿ ಪ್ರಸಿದ್ಧರಾದ ಇಬ್ನು ಅರಬಿ ಒಬ್ಬರು. ಅವರಿಗಾಗ ಮೂವತ್ತಮೂರರ ಪ್ರಾಯ. ಕಂಡದ್ದನ್ನು ಅವರು ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಹೇರು ಹೊರುವ ಪ್ರಾಣಿಯ ಬೆನ್ನಿನ ಒಂದು ಬದಿಗೆ ಶವಪೆಟ್ಟಿಗೆಯನ್ನು ಕಟ್ಟಿದ್ದರು. ಭಾರ ಸಮತೂಗಲು ಇನ್ನೊಂದು ಬದಿಗೆ ಕಟ್ಟಿದ್ದದ್ದು ಇಬ್ನು ರುಶ್ದ್ ಬರೆದ ಪುಸ್ತಕಗಳು.